ಸ್ಕಾಟಿಷ್ ರೈಫಲ್ಸ್ ಬ್ರಿಗೇಡ್: ಲೀತ್‌ನಿಂದ ಬ್ರೆಮೆನ್‌ವರೆಗೆ

ಬ್ರಿಟಿಷ್ ಸೇನೆಯ 156ನೇ ಕಾಲಾಳು ಬ್ರಿಗೇಡ್ ಹುಟ್ಟಿದ್ದು 1908ರಲ್ಲಿ. ಆಗ ಅದಕ್ಕೆ ಸಂಖ್ಯೆ ಇರಲಿಲ್ಲ, ಸ್ಕಾಟಿಷ್ ರೈಫಲ್ಸ್ ಬ್ರಿಗೇಡ್ ಎಂಬ ಹೆಸರಷ್ಟೇ ಇತ್ತು. ಯುದ್ಧ ಸಚಿವ ರಿಚರ್ಡ್ ಹಾಲ್ಡೇನ್ ಸೇನೆಯನ್ನು ಮರುಸಂಘಟಿಸಿ ಟೆರಿಟೋರಿಯಲ್ ಫೋರ್ಸ್ ಎಂಬ ಅರೆಕಾಲಿಕ ಪಡೆಯನ್ನು ಕಟ್ಟಿದಾಗ, ದಕ್ಷಿಣ ಸ್ಕಾಟ್ಲೆಂಡಿನ ಪಾಲಿಗೆ ಬಂದ ಲೋಲ್ಯಾಂಡ್ ಡಿವಿಜನ್ನಿನ ಮೂರು ಬ್ರಿಗೇಡ್‌ಗಳಲ್ಲಿ ಇದೂ ಒಂದಾಗಿತ್ತು. ಬ್ರಿಗೇಡ್ ಎಂದರೆ ಆ ಕಾಲಕ್ಕೆ ನಾಲ್ಕು ಬೆಟಾಲಿಯನ್, ಒಟ್ಟು ಸುಮಾರು ನಾಲ್ಕು ಸಾವಿರ ಜನ. ಇಲ್ಲಿ ಆ ನಾಲ್ಕೂ ಸ್ಕಾಟಿಷ್ ರೈಫಲ್ಸ್ ಎಂದೂ ಕರೆಯುತ್ತಿದ್ದ ಕ್ಯಾಮರೋನಿಯನ್ಸ್ ರೆಜಿಮೆಂಟಿಗೆ ಸೇರಿದ್ದವು. ಹೆಚ್ಚಿನವು ಗ್ಲಾಸ್ಗೋ ನಗರದವು, ಒಂದು ಪಕ್ಕದ ಹ್ಯಾಮಿಲ್ಟನ್ ಊರಿನದು.

ಟೆರಿಟೋರಿಯಲ್ ಸೈನಿಕನು ಹಗಲೆಲ್ಲ ತನ್ನ ಕಚೇರಿ, ಅಂಗಡಿ, ಕಾರ್ಖಾನೆಯಲ್ಲಿ ದುಡಿದು ಸಂಜೆ ಹೊತ್ತು ಕವಾಯತಿಗೆ ಬರುತ್ತಿದ್ದವನು. ವರ್ಷಕ್ಕೊಮ್ಮೆ ಬೇಸಿಗೆ ಶಿಬಿರ ಇರುತ್ತಿತ್ತು. ಕಾನೂನಿನ ಪ್ರಕಾರ ಅವನ ಹೊಣೆ ಸ್ವದೇಶದ ರಕ್ಷಣೆ ಮಾತ್ರ; ಕಡಲಾಚೆ ಹೋಗಬೇಕಾದರೆ ಅವನೇ ಒಪ್ಪಿ ಸಹಿ ಹಾಕಬೇಕಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಬಂದಾಗ ಬಹುಪಾಲು ಜನ ಹಾಗೆ ಸಹಿ ಹಾಕಿದರು. ಈ ಪಡೆಯ ಬಲವೂ ಅಪಾಯವೂ ಒಂದೇ ಕಡೆ ಇದ್ದವು. ಒಂದೇ ಬೀದಿಯ ಹುಡುಗರು, ಒಂದೇ ಕಾರ್ಖಾನೆಯ ಕೆಲಸಗಾರರು, ಅಣ್ಣ ತಮ್ಮಂದಿರು ಒಂದೇ ಕಂಪನಿಯಲ್ಲಿ ನಿಲ್ಲುತ್ತಿದ್ದರು. ಆ ಕಂಪನಿಗೆ ಪೆಟ್ಟು ಬಿದ್ದರೆ ಒಂದೇ ದಿನ ಇಡೀ ಬೀದಿಗೆ ಸೂತಕ.

ಯುದ್ಧ ಶುರುವಾದ ಕೆಲವೇ ತಿಂಗಳಲ್ಲಿ ಬ್ರಿಗೇಡಿನ ರಚನೆ ಬದಲಾಯಿತು. ಫ್ರಾನ್ಸಿನಲ್ಲಿ ಸೈನಿಕರ ಕೊರತೆ ತೀವ್ರವಾಗಿತ್ತು. 5ನೇ ಬೆಟಾಲಿಯನ್ 1914ರ ನವೆಂಬರಿನಲ್ಲೂ 6ನೆಯದು 1915ರ ಮಾರ್ಚಿನಲ್ಲೂ ಬೇರೆ ಬ್ರಿಗೇಡ್‌ಗಳ ಪಾಲಾದವು. ಖಾಲಿಯಾದ ಜಾಗಕ್ಕೆ ರಾಯಲ್ ಸ್ಕಾಟ್ಸ್ ರೆಜಿಮೆಂಟಿನ ಎರಡು ಬೆಟಾಲಿಯನ್‌ಗಳು ಬಂದವು: ಎಡಿನ್‌ಬರೋದ 4ನೆಯದು, ಅದರ ಬಂದರು ಪಟ್ಟಣ ಲೀತ್‌ನ 7ನೆಯದು. ಸ್ಕಾಟಿಷ್ ರೈಫಲ್ಸ್ ಬ್ರಿಗೇಡ್ ಎಂಬ ಹೆಸರು ಉಳಿಯಿತು. ಅದರಲ್ಲಿ ಅರ್ಧದಷ್ಟು ಜನ ಈಗ ಸ್ಕಾಟಿಷ್ ರೈಫಲ್ಸ್‌ನವರಲ್ಲ. 1915ರ ಮೇ ತಿಂಗಳಲ್ಲಿ ಡಿವಿಜನ್‌ಗೆ 52 ಎಂದೂ ಬ್ರಿಗೇಡ್‌ಗೆ 156 ಎಂದೂ ಸಂಖ್ಯೆ ಬಿತ್ತು. ಹೋಗಬೇಕಾದ ಜಾಗವೂ ಗೊತ್ತಾಯಿತು: ಟರ್ಕಿಯ ಗಲಿಪೊಲಿ.

ಬ್ರಿಗೇಡಿನ ಮೊದಲ ದೊಡ್ಡ ಸಾವು ನೋವು ಶತ್ರುವಿನ ಕೈಯಿಂದ ಆದದ್ದಲ್ಲ. 1915ರ ಮೇ 22ರ ಬೆಳಗಿನ ಜಾವ 7ನೇ ರಾಯಲ್ ಸ್ಕಾಟ್ಸ್‌ನ ಅರ್ಧ ಭಾಗ, ಸುಮಾರು 500 ಜನ, ಲಾರ್ಬರ್ಟ್‌ನಿಂದ ಲಿವರ್‌ಪೂಲ್ ಬಂದರಿಗೆ ವಿಶೇಷ ರೈಲಿನಲ್ಲಿ ಹೊರಟಿದ್ದರು. ಇಂಗ್ಲೆಂಡಿನ ಗಡಿಗೆ ಅಂಟಿಕೊಂಡ ಗ್ರೆಟ್ನಾ ಬಳಿಯ ಕ್ವಿಂಟಿನ್ಸ್‌ಹಿಲ್‌ನಲ್ಲಿ ಬದಿಯ ಹಳಿಗಳೆರಡೂ ಗೂಡ್ಸ್ ರೈಲುಗಳಿಂದ ತುಂಬಿದ್ದವು. ಆದ್ದರಿಂದ ಒಂದು ಲೋಕಲ್ ರೈಲನ್ನು ಮುಖ್ಯ ಹಳಿಯ ಮೇಲೆಯೇ ನಿಲ್ಲಿಸಲಾಗಿತ್ತು. ಪಾಳಿ ಬದಲಿಸಲು ತಡವಾಗಿ ಬಂದ ಸಿಗ್ನಲ್‌ಮನ್ ಇಳಿದದ್ದು ಅದೇ ಲೋಕಲ್ ರೈಲಿನಿಂದ. ಕಿಟಕಿಯಾಚೆ ಕಣ್ಣೆದುರಿಗೇ ಅದು ನಿಂತಿತ್ತು. ರಾತ್ರಿ ಪಾಳಿಯವನು ಬರೆದಿಟ್ಟಿದ್ದ ನಮೂದುಗಳನ್ನು ರಿಜಿಸ್ಟರಿಗೆ ನಕಲು ಮಾಡುವ ಗಡಿಬಿಡಿಯಲ್ಲಿ ಅವನು ಆ ರೈಲನ್ನು ಮರೆತ, ಸೈನಿಕರ ರೈಲಿಗೆ ದಾರಿ ಬಿಟ್ಟುಕೊಟ್ಟ.

ಡಿಕ್ಕಿಯ ರಭಸಕ್ಕೆ 213 ಗಜ ಉದ್ದದ ಸೈನಿಕರ ರೈಲು 67 ಗಜಕ್ಕೆ ಕುಗ್ಗಿತು. ಒಂದು ನಿಮಿಷದ ಆಸುಪಾಸಿನಲ್ಲೇ ಲಂಡನ್ನಿನಿಂದ ಗ್ಲಾಸ್ಗೋಗೆ ಹೋಗುತ್ತಿದ್ದ ಎಕ್ಸ್‌ಪ್ರೆಸ್ ಆ ರಾಶಿಯ ಮೇಲೆ ಬಂದು ನುಗ್ಗಿತು. ಸೈನಿಕರ ಬೋಗಿಗಳು ಹಳೆಯ ಕಾಲದ ಮರದವು, ದೀಪಕ್ಕೆ ಗ್ಯಾಸ್. ಸಿಲಿಂಡರುಗಳು ಒಡೆದು, ಎಂಜಿನ್ನಿನ ಕೆಂಡ ತಗುಲಿ ಎದ್ದ ಬೆಂಕಿ ಮರುದಿನದವರೆಗೂ ಆರಲಿಲ್ಲ. ಸತ್ತವರು ಒಟ್ಟು ಸುಮಾರು 226, ಅವರಲ್ಲಿ ಇನ್ನೂರಕ್ಕೂ ಹೆಚ್ಚು ಜನ ಈ ಬೆಟಾಲಿಯನ್‌ನವರು. ಬ್ರಿಟನ್ನಿನ ರೈಲ್ವೆ ಚರಿತ್ರೆಯಲ್ಲಿ ಇಂದಿಗೂ ಇದಕ್ಕಿಂತ ದೊಡ್ಡ ದುರಂತವಿಲ್ಲ. ಅಪರಾಹ್ನ ಪಕ್ಕದ ಹೊಲದಲ್ಲಿ ಹಾಜರಿ ಕೂಗಿದಾಗ ಓಗೊಟ್ಟವರು ಅರುವತ್ತರ ಸುಮಾರು.

ಗುರುತು ಹಿಡಿಯಲಾಗದ ದೇಹಗಳೇ ಹೆಚ್ಚಿದ್ದವು. ನೂರಕ್ಕೂ ಹೆಚ್ಚು ಶವಪೆಟ್ಟಿಗೆಗಳು ಲೀತ್‌ನ ಡಾಲ್ಮೆನಿ ಬೀದಿಯ ಕವಾಯತು ಶಾಲೆಗೆ ಬಂದವು. ಆ ಹುಡುಗರು ಸಂಜೆ ಹೊತ್ತು ಬಂದೂಕು ಹಿಡಿಯಲು ಕಲಿತದ್ದು ಅದೇ ಕಟ್ಟಡದಲ್ಲಿ. ಅಲ್ಲಿಂದ ರೋಸ್‌ಬ್ಯಾಂಕ್ ಸ್ಮಶಾನಕ್ಕೆ ಗಂಟೆಗಟ್ಟಲೆ ಮೆರವಣಿಗೆ ಸಾಗಿತು. ಒಂದೇ ದೊಡ್ಡ ಗುಂಡಿಯಲ್ಲಿ ಅವರನ್ನು ಹೂಳಲಾಯಿತು. ಸಿಗ್ನಲ್‌ಮನ್‌ಗಳಿಬ್ಬರಿಗೆ ಜೈಲಾಯಿತು. ಬದುಕುಳಿದವರಲ್ಲಿ ಹೆಚ್ಚಿನವರನ್ನು ಲಿವರ್‌ಪೂಲ್‌ನಿಂದ ಮನೆಗೆ ಕಳಿಸಿ, ಬೆಟಾಲಿಯನ್‌ನ ಉಳಿದ ಅರ್ಧವನ್ನಷ್ಟೇ ಹಡಗು ಹತ್ತಿಸಿದರು.

ಜೂನ್ ಮಧ್ಯದಲ್ಲಿ ಬ್ರಿಗೇಡ್ ಗಲಿಪೊಲಿಯ ದಕ್ಷಿಣ ತುದಿಯಾದ ಹೆಲ್ಲೆಸ್ ಭೂಶಿರದಲ್ಲಿ ಇಳಿಯಿತು. ಡಿವಿಜನ್ನಿನ ಮಿಕ್ಕ ಬ್ರಿಗೇಡ್‌ಗಳು ಇನ್ನೂ ಪೂರ್ತಿ ಬಂದಿರಲಿಲ್ಲ. ಅಷ್ಟರಲ್ಲೇ 156ನೆಯದನ್ನು ಅನುಭವಿ 29ನೇ ಡಿವಿಜನ್‌ಗೆ ಜೋಡಿಸಿ ಜೂನ್ 28ರ ದಾಳಿಗೆ ನಿಲ್ಲಿಸಿದರು. ಟರ್ಕರು ಝಿಗಿಂದೆರೆ ಎಂದು ಕರೆಯುವ ಆಳವಾದ ಕೊರಕಲಿನ ಎಡ ಏಣಿನಲ್ಲಿ 29ನೇ ಡಿವಿಜನ್ನಿನವರು, ಬಲ ಏಣಿನಲ್ಲಿ ಈ ಹೊಸಬರು. ತೋಪಿನ ಗುಂಡುಗಳು ತೀರಾ ಕಡಿಮೆ ಇದ್ದವು. ಇದ್ದದ್ದರಲ್ಲಿ ಬಹುಪಾಲನ್ನು ಎಡಕ್ಕೆ ಸುರಿದರು. ಎಡಗಡೆಯ ಕಂದಕಗಳು ಪುಡಿಯಾದವು. ಬಲಗಡೆಯ ಟರ್ಕಿ ಮೆಷಿನ್ ಗನ್‌ಗಳಿಗೆ ಏನೂ ಆಗಿರಲಿಲ್ಲ.

ತಮ್ಮವರು ಎಲ್ಲಿಯವರೆಗೆ ಮುಂದುವರಿದಿದ್ದಾರೆಂದು ತೋಪಿನವರಿಗೆ ಕಾಣಲಿ ಎಂದು ದಾಳಿಗೆ ಹೊರಟವರ ಬೆನ್ನಿಗೆ ಬಿಸ್ಕತ್ತಿನ ಡಬ್ಬಿಯಿಂದ ಕತ್ತರಿಸಿದ ತಗಡಿನ ತ್ರಿಕೋನ ಕಟ್ಟಿದ್ದರು. ಹೊತ್ತು ನಡುಹಗಲಿಗೆ ಏರುತ್ತಿತ್ತು, ಸುಡುವ ಬಿಸಿಲು. ಹನ್ನೊಂದು ಗಂಟೆಗೆ ಸಿಳ್ಳೆ ಊದಿದಾಗ ಆ ತಗಡುಗಳು ಫಳಫಳ ಹೊಳೆಯುತ್ತ ಮುಂದೆ ಸಾಗಿದವು. ಎಡಗಡೆಯಲ್ಲಿ ಹೊಳಪು ಅರ್ಧ ಮೈಲಿಯವರೆಗೂ ಹೋಯಿತು. ಬ್ರಿಗೇಡಿನ ಎಡಭಾಗದಲ್ಲಿದ್ದ ರಾಯಲ್ ಸ್ಕಾಟ್ಸ್‌ನವರೂ ಭಾರಿ ಬೆಲೆ ತೆತ್ತು ತಮ್ಮ ಪಾಲಿನ ಕಂದಕ ಹಿಡಿದರು. ಬಲತುದಿಯಲ್ಲಿ ಗ್ಲಾಸ್ಗೋದ 8ನೇ ಸ್ಕಾಟಿಷ್ ರೈಫಲ್ಸ್ ಕಂದಕದಿಂದ ಮೇಲೆದ್ದ ಐದೇ ನಿಮಿಷದಲ್ಲಿ ಮುಗಿದುಹೋಯಿತು. 26 ಅಧಿಕಾರಿಗಳಲ್ಲಿ 25 ಜನ, ಜೊತೆಗೆ ನಾನೂರಕ್ಕೂ ಮಿಕ್ಕಿ ಸೈನಿಕರು ಸತ್ತರು ಇಲ್ಲವೇ ಗಾಯಗೊಂಡರು.

ಅಷ್ಟಾದ ಮೇಲೂ ಮತ್ತೆ ದಾಳಿ ಮಾಡಬೇಕೆಂದು ಮೇಲಿನಿಂದ ಆಜ್ಞೆ ಬಂತು. ಬ್ರಿಗೇಡ್ ದಳಪತಿ ವಿಲಿಯಂ ಸ್ಕಾಟ್ ಮಾಂಕ್ರೀಫ್ ಬೋಯರ್ ಯುದ್ಧ ಕಂಡ ಹಳೆಯ ಸೈನಿಕ, ಐವತ್ತು ದಾಟಿದವರು. ಮೀಸಲಿದ್ದ 7ನೇ ಸ್ಕಾಟಿಷ್ ರೈಫಲ್ಸ್‌ನವರನ್ನು ತಾವೇ ಮುಂದಾಗಿ ಕರೆದೊಯ್ದು ಕಂದಕದ ಬಾಯಲ್ಲೇ ಗುಂಡಿಗೆ ಬಲಿಯಾದರು. ದಿನ ಮುಗಿಯುವಷ್ಟರಲ್ಲಿ ಬ್ರಿಗೇಡ್ ಸುಮಾರು 1,400 ಜನರನ್ನು, ಅಂದರೆ ತನ್ನ ಅರ್ಧದಷ್ಟನ್ನು ಕಳೆದುಕೊಂಡಿತ್ತು. ಎರಡೆರಡು ಬೆಟಾಲಿಯನ್‌ಗಳನ್ನು ಕೂಡಿಸಿ ಒಂದೊಂದಾಗಿ ಮಾಡಬೇಕಾಯಿತು.

ಒಟ್ಟಾರೆ ಆ ದಿನವನ್ನು ಮೇಲಧಿಕಾರಿಗಳು ಗೆಲುವೆಂದೇ ಎಣಿಸಿದರು. ಎಡಗಡೆ ಸಿಕ್ಕ ನೆಲ ನಿಜಕ್ಕೂ ದೊಡ್ಡದಿತ್ತು. ಆದರೆ ತೋಪಿನ ಬೆಂಬಲವಿಲ್ಲದ ಕಡೆ ಅನುಭವವಿಲ್ಲದ ಪಡೆಯನ್ನು ನೂಕಿದ್ದಕ್ಕೆ ಸಮರ್ಥನೆ ಹುಡುಕುವುದು ಕಷ್ಟ. ಮರಿನಾಯಿಗಳಿಗೆ ರಕ್ತದ ರುಚಿ ತೋರಿಸಿದ್ದಾಯಿತು ಎಂಬರ್ಥದ ಮಾತನ್ನು ಕೋರ್ ದಂಡನಾಯಕ ಹಂಟರ್ ವೆಸ್ಟನ್ ಆಡಿದರೆಂಬುದು ಚರಿತ್ರೆಯಲ್ಲಿ ಉಳಿದುಕೊಂಡಿದೆ. 52ನೇ ಡಿವಿಜನ್ನಿನ ಮುಖ್ಯಸ್ಥ ಗ್ರಾನ್‌ವಿಲ್ ಎಜರ್ಟನ್ ಇದನ್ನು ಕೊನೆಯವರೆಗೂ ಕ್ಷಮಿಸಲಿಲ್ಲ. ಸರ್ವ ದಂಡನಾಯಕ ಇಯಾನ್ ಹ್ಯಾಮಿಲ್ಟನ್ ಸೈನಿಕರನ್ನು ನೋಡಲು ಬಂದಾಗ, ಒಂದೊಂದು ಬೆಟಾಲಿಯನ್ನನ್ನೂ ಇವರು ಅದರ ಅಳಿದುಳಿದವರು ಎಂದೇ ಪರಿಚಯಿಸಿದರು. ಹ್ಯಾಮಿಲ್ಟನ್‌ಗೆ ಅದು ಹಿಡಿಸಲಿಲ್ಲ.

ಬೇಸಿಗೆಯ ನೊಣ, ಭೇದಿ, ನವೆಂಬರ್ ಕೊನೆಯ ಹಿಮಗಾಳಿ, ಎಲ್ಲವನ್ನೂ ಅನುಭವಿಸಿ ಬ್ರಿಗೇಡ್ ಗಲಿಪೊಲಿಯಲ್ಲಿ ಕೊನೆಯತನಕ ಇತ್ತು. 1916ರ ಜನವರಿ 8ರ ರಾತ್ರಿ ಹೆಲ್ಲೆಸ್‌ನಿಂದ ಕೊನೆಯ ಪಡೆಗಳು ಸದ್ದಿಲ್ಲದೆ ದೋಣಿ ಹತ್ತಿದವು.

ಮುಂದಿನ ಎರಡು ವರ್ಷ ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್. ಸೂಯೆಜ್ ಕಾಲುವೆಯನ್ನು ಕಾಯುವ ಕೆಲಸ ಸಿನಾಯ್ ಮರುಭೂಮಿಯನ್ನು ದಾಟುವ ಕೆಲಸವಾಗಿ ಬೆಳೆಯಿತು. ಕಾಲುವೆಯ ದಡದ ಕಾಂಟಾರದಿಂದ ರೈಲು ಹಳಿಯೂ ನೈಲ್ ನದಿಯ ನೀರು ತರುವ ಕೊಳವೆಯೂ ದಿನದಿನಕ್ಕೆ ಪೂರ್ವಕ್ಕೆ ಚಾಚುತ್ತಿದ್ದವು. ಅವೆರಡನ್ನೂ ಹಾಕಿದ್ದು ಹೆಚ್ಚಾಗಿ ಈಜಿಪ್ಟಿನ ಕೂಲಿಯಾಳುಗಳ ಬೆವರು. ಪಾದ ಹೂತುಹೋಗುವ ಮರಳಿನ ಮೇಲೆ ಮೈಲಿಗಟ್ಟಲೆ ತಂತಿಬಲೆ ಹಾಸಿದರು. ಮೊಲದ ಗೂಡಿಗೆ ಬಳಸುವಂಥ ಸಾಮಾನ್ಯ ಬಲೆ ಅದು. ಹೆಜ್ಜೆ ನಿಲ್ಲಲು ಅಷ್ಟೇ ಸಾಕಾಯಿತು. ಆ ದಾರಿಯ ಮೇಲೆ ಕಾಲಾಳುಗಳು ನಡೆದೇ ಮರುಭೂಮಿ ದಾಟಿದರು.

1916ರ ಆಗಸ್ಟ್ 4ರಂದು ರೋಮಾನಿಯಲ್ಲಿ ಟರ್ಕಿಯ ಸೇನೆ ಕಾಲುವೆಯತ್ತ ಮಾಡಿದ ಕೊನೆಯ ದೊಡ್ಡ ದಾಳಿಯನ್ನು ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಕುದುರೆ ಸವಾರರು ಮರಳ ದಿಣ್ಣೆಗಳ ನಡುವೆ ತಡೆದು ನಿಲ್ಲಿಸಿದರು. ಮರುದಿನ ಬೆಳಗಿನ ಜಾವ 7 ಮತ್ತು 8ನೇ ಸ್ಕಾಟಿಷ್ ರೈಫಲ್ಸ್‌ನವರು ಅವರ ಜೊತೆಗೂಡಿ ಬಯೊನೆಟ್ ಹಿಡಿದು ವೆಲಿಂಗ್ಟನ್ ದಿಣ್ಣೆ ಏರಿದರು. ಇಡೀ ದಿನ ನೀರಿಲ್ಲದೆ ಕಾದಾಡಿ ಬಸವಳಿದಿದ್ದ ಟರ್ಕರು ಗುಂಪುಗುಂಪಾಗಿ ಶರಣಾದರು. 8ನೇ ಬೆಟಾಲಿಯನ್ ಒಂದಕ್ಕೇ 860ಕ್ಕೂ ಹೆಚ್ಚು ಜನ ಸೆರೆ ಸಿಕ್ಕರು. ಹದಿಮೂರು ತಿಂಗಳ ಹಿಂದೆ ಐದು ನಿಮಿಷದಲ್ಲಿ ಇಲ್ಲವಾಗಿದ್ದ ಬೆಟಾಲಿಯನ್ ಇದೇ. ಹೆಸರು ಅದೇ ಇತ್ತು, ಸಾಲಿನಲ್ಲಿ ನಿಂತವರಲ್ಲಿ ಬಹಳಷ್ಟು ಜನ ಹೊಸಬರು.

ಗಾಜಾ ಪಟ್ಟಣದ ಮುಂದೆ 1917ರ ಏಪ್ರಿಲ್‌ನಲ್ಲಿ ಎರಡನೆಯ ಯತ್ನವೂ ವಿಫಲವಾದ ಮೇಲೆ ಎಡ್ಮಂಡ್ ಅಲೆನ್‌ಬಿ ಹೊಸ ದಂಡನಾಯಕರಾಗಿ ಬಂದರು. ಅವರ ಯೋಜನೆಯಲ್ಲಿ ಮುಖ್ಯ ಪೆಟ್ಟು ಒಳನಾಡಿನ ಬೀರ್‌ಷೀಬಾ ಕಡೆ. ಕರಾವಳಿಯ ಗಾಜಾದಲ್ಲಿ ಶತ್ರುವಿನ ಗಮನ ಹಿಡಿದಿಡಬೇಕು. ಆ ಕೆಲಸಕ್ಕಾಗಿ 156ನೇ ಬ್ರಿಗೇಡನ್ನು 54ನೇ ಡಿವಿಜನ್ನಿಗೆ ಎರವಲು ಕೊಟ್ಟರು. ನವೆಂಬರ್ 1ರ ರಾತ್ರಿ 11 ಗಂಟೆಗೆ 7ನೇ ಸ್ಕಾಟಿಷ್ ರೈಫಲ್ಸ್ ಛತ್ರಿ ಗುಡ್ಡ ಎಂದು ಸೈನಿಕರು ಕರೆಯುತ್ತಿದ್ದ ಮರಳ ದಿಬ್ಬವನ್ನು ಹಿಡಿಯಿತು. ಒಂದು ವಾರದೊಳಗೆ ಟರ್ಕರು ಗಾಜಾ ತೆರವು ಮಾಡಿದರು. ಪಾಳುಬಿದ್ದ ಪಟ್ಟಣವನ್ನು ಹಾದು ಅವರ ಬೆನ್ನಟ್ಟಿದ ಕುದುರೆ ಪಡೆಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಸೇರಿದ್ದ ಸಂಸ್ಥಾನಗಳ ಬ್ರಿಗೇಡೂ ಇತ್ತು. ಮರುವರ್ಷ ಹೈಫಾದಲ್ಲಿ ಹೆಸರು ಮಾಡಿದ ಸವಾರರು ಇವರೇ.

ಜೆರುಸಲೇಮ್ ಸುತ್ತಲಿನ ಕಲ್ಲುಬೆಟ್ಟಗಳಲ್ಲಿ ಮಳೆ ಚಳಿಗೆ ಬೇಸಿಗೆಯ ಉಡುಪಿನಲ್ಲೇ ಕಾದಾಡಿದ ಡಿವಿಜನ್ ಡಿಸೆಂಬರಿನಲ್ಲಿ ಜಾಫಾ ಬಳಿಯ ಔಜಾ ನದಿಯ ದಡಕ್ಕೆ ಬಂತು. ನದಿಯ ಅಗಲ ನಲವತ್ತು ಐವತ್ತು ಗಜ, ಆಳ ಹತ್ತು ಅಡಿಗೂ ಮೇಲೆ. ಮಳೆಗೆ ಉಕ್ಕಿ ಹರಿಯುತ್ತಿತ್ತು. ಸೇತುವೆಗಳನ್ನು ಟರ್ಕರು ಕೆಡವಿದ್ದರು. ಎಂಜಿನಿಯರುಗಳು ಕಿತ್ತಳೆ ತೋಟಗಳ ಮರೆಯಲ್ಲಿ, ಮರದ ಚೌಕಟ್ಟಿಗೆ ಟಾರ್ಪಾಲಿನ್ ಬಿಗಿದು ನಮ್ಮ ಹರಿಗೋಲಿನಂಥ ತೆಪ್ಪಗಳನ್ನು ಕಟ್ಟಿದರು. ಡಿಸೆಂಬರ್ 20ರ ರಾತ್ರಿ ಮೂರೂ ಬ್ರಿಗೇಡ್‌ಗಳು ದಾಟಿದವು. ಕೆಲವರು ತೆಪ್ಪದಲ್ಲಿ, ನದಿ ಸಮುದ್ರ ಸೇರುವ ಕಡೆ ಕೆಲವರು ಕೈ ಕೈ ಹಿಡಿದು ಎದೆಮಟ್ಟದ ನೀರಿನಲ್ಲಿ ನಡೆದು. ಗುಂಡು ಹಾರಿಸಕೂಡದು ಎಂಬ ಆಜ್ಞೆ ಇತ್ತು. ಆಚೆ ದಡದ ಕಂದಕಗಳನ್ನು ಬಯೊನೆಟ್ಟಿನಿಂದಲೇ ಹಿಡಿದರು. 300ಕ್ಕೂ ಹೆಚ್ಚು ಸೆರೆಯಾಳುಗಳು, 10 ಮೆಷಿನ್ ಗನ್‌ಗಳು ಕೈಗೆ ಬಂದವು. ಗಲಿಪೊಲಿಯಲ್ಲಿ ಹಗಲು ಹೊತ್ತಿನಲ್ಲಿ ಬೆನ್ನಿಗೆ ತಗಡು ಕಟ್ಟಿ ಓಡಿಸಿದ ಡಿವಿಜನ್ ಎರಡೂವರೆ ವರ್ಷದಲ್ಲಿ ಎಷ್ಟು ಕಲಿತಿತ್ತೆಂಬುದಕ್ಕೆ ಆ ಒಂದು ರಾತ್ರಿಯೇ ಸಾಕ್ಷಿ. ಈಗಿನ ಟೆಲ್ ಅವೀವ್ ನಗರದಲ್ಲಿ ಯಾರ್ಕೋನ್ ಎಂದು ಹರಿಯುವ ಅದೇ ನದಿಯ ಬಳಿ ಸ್ಮಾರಕ ಕಂಬಗಳು ನಿಂತಿವೆ.

1918ರ ಮಾರ್ಚಿನಲ್ಲಿ ಜರ್ಮನರು ಫ್ರಾನ್ಸಿನಲ್ಲಿ ದೊಡ್ಡ ದಾಳಿ ನಡೆಸಿದಾಗ ಡಿವಿಜನ್ನನ್ನು ಅಲ್ಲಿಗೆ ಕರೆಸಿಕೊಂಡರು. ಮೆಸೊಪಟೇಮಿಯಾದಿಂದ ಬಂದ ಭಾರತೀಯ ಸೇನೆಯ 7ನೇ ಮೀರತ್ ಡಿವಿಜನ್ ಅದರ ಜಾಗ ತುಂಬಿತು. ಸೈನಿಕರ ಅಭಾವದಿಂದ ಬ್ರಿಗೇಡ್‌ಗೆ ಮೂರೇ ಬೆಟಾಲಿಯನ್ ಎಂಬ ಹೊಸ ನಿಯಮ ಬಂದು 8ನೇ ಸ್ಕಾಟಿಷ್ ರೈಫಲ್ಸ್ ಬೇರೆ ಡಿವಿಜನ್ನಿಗೆ ಹೋಯಿತು. ಅರ್ರಾಸ್ ಪ್ರದೇಶದ ಎನಾನ್ ಗುಡ್ಡ, ಡ್ರೋಕೂರ್ ಕ್ಯೇಆಂ ರೇಖೆ, ಕನಾಲ್ ದ್ಯು ನೋರ್ ಹೀಗೆ ಕದನಗಳು ಬೆನ್ನುಬೆನ್ನಿಗೆ ನಡೆದವು. ನವೆಂಬರ್ 11ರಂದು ಯುದ್ಧ ನಿಂತಾಗ ಡಿವಿಜನ್ ಬೆಲ್ಜಿಯಂನ ಮೊನ್ಸ್ ಪಟ್ಟಣದ ಉತ್ತರಕ್ಕಿತ್ತು.

1920ರಲ್ಲಿ ಟೆರಿಟೋರಿಯಲ್ ಪಡೆ ಮತ್ತೆ ಕಟ್ಟಿಕೊಂಡಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ 156ನೇ ಬ್ರಿಗೇಡಿನಲ್ಲಿ ಇದ್ದದ್ದು 4/5ನೇ ರಾಯಲ್ ಸ್ಕಾಟ್ಸ್ ಫ್ಯುಸಿಲಿಯರ್ಸ್, 6ನೇ ಮತ್ತು 7ನೇ ಕ್ಯಾಮರೋನಿಯನ್ಸ್. ಡನ್‌ಕರ್ಕ್ ತೆರವಿನ ನಂತರವೂ ಫ್ರಾನ್ಸನ್ನು ಉಳಿಸಿಕೊಳ್ಳಬಹುದೆಂಬ ಆಸೆಯಲ್ಲಿ 1940ರ ಜೂನ್‌ನಲ್ಲಿ ಡಿವಿಜನ್ನನ್ನು ಅಲ್ಲಿಗೆ ಕಳಿಸಿದರು. ಫ್ರಾನ್ಸ್ ಕುಸಿಯಿತು, ಕೆಲವೇ ದಿನಗಳಲ್ಲಿ ಷೆರ್ಬೂರ್ ಬಂದರಿನಿಂದ ವಾಪಸು ಬಂದದ್ದಾಯಿತು.

ಆಮೇಲೆ ನಾಲ್ಕು ವರ್ಷ ಯುದ್ಧವಿಲ್ಲ, ತರಬೇತಿ ಮಾತ್ರ. 1942ರಿಂದ ಡಿವಿಜನ್ ಪರ್ವತ ಯುದ್ಧ ಕಲಿಯಿತು. ಕೇರ್ನ್‌ಗಾರ್ಮ್ ಬೆಟ್ಟಗಳ ಹಿಮದಲ್ಲಿ ಡೇರೆ ಹಾಕಿ, ಹಗ್ಗ ಹಿಡಿದು ಬಂಡೆ ಏರಿ, ಸಾಮಾನನ್ನು ಕುದುರೆ ಮೇಲೆ ಹೇರಿ ಓಡಾಡಿದರು. ತೋಳಿನ ಬಿಲ್ಲೆಯ ಕೆಳಗೆ ಪರ್ವತ ಎಂಬ ಪದವೂ ಸೇರಿತು. ಮಿತ್ರಪಕ್ಷಗಳು ನಾರ್ವೆಯ ಮೇಲೆ ದಾಳಿ ಮಾಡಲಿವೆ ಎಂದು ಹಿಟ್ಲರನನ್ನು ನಂಬಿಸುವ ತಂತ್ರಕ್ಕೆ ಈ ಪಡೆಯ ಇರುವಿಕೆಯೂ ಒದಗಿಬಂತು. 1944ರ ಬೇಸಿಗೆಯಲ್ಲಿ ಪರ್ವತದ ಪಾಠ ಬಿಟ್ಟು ವಿಮಾನದಿಂದ ಇಳಿಯುವ ಪಾಠ ಶುರು. ಸೆಪ್ಟೆಂಬರಿನಲ್ಲಿ ನೆದರ್ಲೆಂಡ್ಸ್‌ನ ಆರ್ನೆಮ್ ಬಳಿಯ ವಿಮಾನ ನಿಲ್ದಾಣವೊಂದು ಕೈಗೆ ಸಿಕ್ಕಿದ್ದರೆ ಅಲ್ಲಿಗೆ ಹಾರಬೇಕಿತ್ತು. ಅದು ಸಿಗಲೇ ಇಲ್ಲ. ಕೊನೆಗೆ ಅಕ್ಟೋಬರಿನಲ್ಲಿ ಸಾಮಾನ್ಯ ಕಾಲಾಳುಗಳಂತೆ ಹಡಗಿನಲ್ಲಿ ಬೆಲ್ಜಿಯಂನ ಓಸ್ಟೆಂಡ್‌ಗೆ ಬಂದಿಳಿದರು. ಬೆಟ್ಟಕ್ಕಾಗಿ ಪಳಗಿದ ಈ ಡಿವಿಜನ್ ಮೊದಲ ಕಾಳಗ ಕಂಡದ್ದು ಸಮುದ್ರಮಟ್ಟಕ್ಕಿಂತ ಕೆಳಗಿರುವ ಡಚ್ ನೆಲದಲ್ಲಿ.

ಆಂಟ್‌ವರ್ಪ್ ಬಂದರು ಸೆಪ್ಟೆಂಬರಿನಲ್ಲೇ ಕೈಸೇರಿದ್ದರೂ ಅಲ್ಲಿಗೆ ಹೋಗುವ ಶೆಲ್ಟ್ ನದೀಮುಖದ ಎರಡೂ ದಡಗಳಲ್ಲಿ ಜರ್ಮನರು ಕುಳಿತಿದ್ದರು. ಜರ್ಮನಿಯತ್ತ ಸಾಗಿದ್ದ ಇಡೀ ಸೇನೆಗೆ ಪೆಟ್ರೋಲು, ಮದ್ದುಗುಂಡು ನಾರ್ಮಂಡಿಯಿಂದ ಲಾರಿಗಳಲ್ಲೇ ಬರಬೇಕಿತ್ತು. ಉತ್ತರ ದಡದ ದಕ್ಷಿಣ ಬೆವೆಲಂಡ್ ಪರ್ಯಾಯದ್ವೀಪದ ಕಡೆ ಕೆನಡಾದ ಪಡೆಗಳು ನೆಲದ ಮೇಲೆ ಒತ್ತುತ್ತಿದ್ದಾಗ, 156ನೇ ಬ್ರಿಗೇಡ್ ನೀರಿನ ಮೂಲಕ ಜರ್ಮನರ ಹಿಂದಕ್ಕೆ ಬಂತು. ಅಕ್ಟೋಬರ್ 26ರ ನಸುಕಿನಲ್ಲಿ ಟೆರ್ನೂಜ಼ೆನ್‌ನಿಂದ ಬಫಲೋ ಎಂಬ ನೀರು ನೆಲ ಎರಡರಲ್ಲೂ ಓಡುವ ವಾಹನಗಳಲ್ಲಿ ಹೊರಟು ಹೂಡೆಕೆನ್ಸ್‌ಕೆರ್ಕೆ ಬಳಿ ದಡ ಹತ್ತಿತು. ಬ್ರಿಗೇಡಿನ ನಾಯಕತ್ವ ಸಿ. ಎನ್. ಬಾರ್ಕ್ಲೇ ಅವರದು, ಯುದ್ಧದ ನಂತರ ಕ್ಯಾಮರೋನಿಯನ್ಸ್ ರೆಜಿಮೆಂಟಿನ ಚರಿತ್ರೆ ಬರೆದವರೂ ಅವರೇ. ಕೆಲವೇ ದಿನಗಳಲ್ಲಿ ಕೆನಡಾದವರೂ ಇವರೂ ಕೈ ಕೂಡಿಸಿ ಪರ್ಯಾಯದ್ವೀಪವನ್ನು ತೆರವು ಮಾಡಿಸಿದರು.

ಉಳಿದದ್ದು ವಾಲ್ಕರೆನ್ ದ್ವೀಪ. ಅದರ ಒಡ್ಡುಗಳನ್ನು ಬ್ರಿಟಿಷ್ ವಿಮಾನಗಳು ಬಾಂಬ್ ಹಾಕಿ ಒಡೆದಿದ್ದರಿಂದ ಹೆಚ್ಚಿನ ಭಾಗ ಸಮುದ್ರದ ನೀರಿನಲ್ಲಿ ಮುಳುಗಿತ್ತು. ಬೆವೆಲಂಡಿನಿಂದ ಅಲ್ಲಿಗಿದ್ದ ಒಂದೇ ದಾರಿ ಸ್ಲೋ ಎಂಬ ಕಾಲುವೆಯ ಮೇಲಿನ ಏರಿ. ಉದ್ದ ಸಾವಿರ ಗಜಕ್ಕೂ ಹೆಚ್ಚು, ಅಗಲ ನಲವತ್ತು ಗಜ, ಮರೆಗೆ ಏನೂ ಇಲ್ಲ. ಕೆನಡಾದ ಮೂರು ಬೆಟಾಲಿಯನ್‌ಗಳು ಒಂದಾದ ಮೇಲೊಂದು ಅದರ ಮೇಲೆ ನೆತ್ತರು ಹರಿಸಿದ್ದವು. ಮತ್ತೆ ಅದೇ ಏರಿಯ ಮೇಲೆ ನುಗ್ಗುವುದಕ್ಕೆ 52ನೇ ಡಿವಿಜನ್ನಿನ ಮುಖ್ಯಸ್ಥ ಎಡ್ಮಂಡ್ ಹೇಕ್‌ವಿಲ್ ಸ್ಮಿತ್ ಒಪ್ಪಲಿಲ್ಲ. ಮೇಲಧಿಕಾರಿ ಗದರಿದರೂ ಬೇರೆ ದಾರಿ ಹುಡುಕಲು ಸಮಯ ಕೇಳಿದರು. ಗಲಿಪೊಲಿಯಲ್ಲಿ ಇದೇ ಬ್ರಿಗೇಡಿನ ಪರವಾಗಿ ಯಾರೂ ಸಮಯಕ್ಕೆ ಸರಿಯಾಗಿ ಆಡದೇ ಹೋದ ಮಾತು ಅದು.

ಇಳಿತದ ಹೊತ್ತಿನಲ್ಲಿ ಸ್ಲೋ ಕಾಲುವೆಯಲ್ಲಿ ದೋಣಿ ತೇಲುವಷ್ಟು ನೀರಿರುವುದಿಲ್ಲ, ಕಾಲಿಡಲು ಗಟ್ಟಿ ನೆಲವೂ ಇರುವುದಿಲ್ಲ. ಎಂಜಿನಿಯರುಗಳು ರಾತ್ರಿ ಆ ಕೆಸರಿನಲ್ಲಿ ತಡಕಾಡಿ ಏರಿಯ ದಕ್ಷಿಣಕ್ಕೆ ದಾಟಬಹುದಾದ ಒಂದು ಜಾಡನ್ನು ಗುರುತಿಸಿದರು. ನವೆಂಬರ್ 3ರ ನಸುಕಿನಲ್ಲಿ 157ನೇ ಬ್ರಿಗೇಡಿಗೆ ಎರವಲಾಗಿದ್ದ 6ನೇ ಕ್ಯಾಮರೋನಿಯನ್ಸ್ ಹಗುರ ದೋಣಿಗಳಲ್ಲಿ ನಡುವಿನ ನೀರು ದಾಟಿ, ಮಿಕ್ಕ ದೂರವನ್ನು ಮಂಡಿ ಮುಳುಗುವ ಕೆಸರಿನಲ್ಲಿ ಒಬ್ಬರ ಹಿಂದೊಬ್ಬರು ನಡೆದು ಆಚೆ ದಡ ಸೇರಿತು. ಜರ್ಮನರು ಆ ಕಡೆಯಿಂದ ಯಾರೂ ಬರಲಾರರೆಂದು ನಂಬಿದ್ದರು. ನವೆಂಬರ್ 8ರೊಳಗೆ ದ್ವೀಪ ಪೂರ್ತಿ ಕೈವಶವಾಯಿತು. ಆ ತಿಂಗಳ 28ರಂದು ಸರಕು ಹಡಗುಗಳ ಮೊದಲ ಸಾಲು ಆಂಟ್‌ವರ್ಪ್ ತಲುಪಿತು.

1945ರ ಜನವರಿಯಲ್ಲಿ ಜರ್ಮನಿಯ ಗಡಿಯ ಸೆಲ್ಫ್‌ಕಾಂಟ್ ಪ್ರದೇಶದಲ್ಲಿ ಬ್ಲ್ಯಾಕ್‌ಕಾಕ್ ಕಾರ್ಯಾಚರಣೆ ನಡೆಯಿತು. 18ರಂದು 4/5ನೇ ರಾಯಲ್ ಸ್ಕಾಟ್ಸ್ ಫ್ಯುಸಿಲಿಯರ್ಸ್ ಹಿಮ ಮುಚ್ಚಿದ ಸ್ಟೈನ್ ಹಳ್ಳಿಯ ಮೇಲೆ ದಾಳಿ ಮಾಡುವಾಗ 19 ವರ್ಷದ ಡೆನಿಸ್ ಡೊನಿನಿಯ ತಲೆಗೆ ಗುಂಡು ತಗುಲಿತು. ಕೆಲವು ಕ್ಷಣದಲ್ಲಿ ಚೇತರಿಸಿಕೊಂಡ ಆತ ರಸ್ತೆಗುಂಟ ಓಡಿ ಹತ್ತಿರದ ಮನೆಯ ಕಿಟಕಿಗೆ ಗ್ರೆನೇಡ್ ಎಸೆದ. ಜರ್ಮನರು ತೋಟಗಳ ಹಿಂದಿನ ಕಂದಕಕ್ಕೆ ಓಡಿದರು. ಗಾಯಗೊಂಡ ಜೊತೆಗಾರನನ್ನು ಗುಂಡಿನ ಮಳೆಯ ನಡುವೆ ಮರದ ಕೊಟ್ಟಿಗೆಯೊಳಕ್ಕೆ ಎಳೆದು ತಂದು, ಬ್ರೆನ್ ಗನ್ ಹಿಡಿದು ಒಬ್ಬನೇ ಮುಂದೆ ನಡೆದ. ಎರಡನೆಯ ಗುಂಡು ಬಿದ್ದರೂ ಎದ್ದು ಗುಂಡು ಹಾರಿಸಿದ. ಮೂರನೆಯದು ಅವನ ಮೈಮೇಲಿದ್ದ ಗ್ರೆನೇಡಿಗೆ ತಗುಲಿತು. ಅವನಿಗೆ ಮರಣೋತ್ತರ ವಿಕ್ಟೋರಿಯಾ ಕ್ರಾಸ್ ಬಂತು. ಡೊನಿನಿ ಸ್ಕಾಟ್ ಅಲ್ಲ. ಇಂಗ್ಲೆಂಡಿನ ಡರ್ಹಮ್ ಗಣಿ ಊರೊಂದರಲ್ಲಿ ಐಸ್‌ಕ್ರೀಮ್ ಅಂಗಡಿ ನಡೆಸುತ್ತಿದ್ದ ಇಟಲಿಯವನೊಬ್ಬನ ಮಗ. 1915ರಲ್ಲಿ ಲೀತ್‌ನ ಬೀದಿಗಳಿಂದ ಎದ್ದುಬಂದ ಪಡೆಗೂ ಎಲ್ಲ ಕಡೆಯಿಂದ ಕಡ್ಡಾಯ ಭರ್ತಿಯಾಗಿ ಬಂದವರ ಈ ಪಡೆಗೂ ಇದ್ದ ಅಂತರ ಅವನ ಹೆಸರಿನಲ್ಲೇ ಕಾಣುತ್ತದೆ. ಅವನ ಸಮಾಧಿ ನೆದರ್ಲೆಂಡ್ಸ್‌ನ ಸಿಟಾರ್ಡ್‌ನಲ್ಲಿದೆ.

ವಸಂತದಲ್ಲಿ ರೈನ್ ನದಿ ದಾಟಿ ಡಿವಿಜನ್ ಉತ್ತರ ಜರ್ಮನಿಯತ್ತ ಸಾಗಿತು. ಏಪ್ರಿಲ್ ಕೊನೆಯಲ್ಲಿ ಆಖಿಮ್ ಕಡೆಯಿಂದ ವೇಜ಼ರ್ ನದಿಯ ದಡ ಹಿಡಿದು ಬ್ರೆಮೆನ್ ನಗರವನ್ನು ಪ್ರವೇಶಿಸಿತು. ಬಾಂಬುಗಳಿಂದ ಆಗಲೇ ಹಾಳಾಗಿದ್ದ ನಗರ 27ರ ಹೊತ್ತಿಗೆ ಶರಣಾಯಿತು. ಎರಡು ವಾರದೊಳಗೆ ಯುರೋಪಿನಲ್ಲಿ ಯುದ್ಧ ಮುಗಿಯಿತು.

ಯುದ್ಧಾನಂತರ ಟೆರಿಟೋರಿಯಲ್ ಸೇನೆ ಮತ್ತೆ ಕೆಲಕಾಲ ನಡೆದು 1960ರ ದಶಕದ ಕೊನೆಯ ಮರುಸಂಘಟನೆಯಲ್ಲಿ ಹಳೆಯ ಡಿವಿಜನ್, ಬ್ರಿಗೇಡ್‌ಗಳೆಲ್ಲ ಹೋದವು. ಅದೇ ಹೊತ್ತಿಗೆ ಕ್ಯಾಮರೋನಿಯನ್ಸ್ ಮುಂದೆ ಎರಡು ಆಯ್ಕೆಗಳಿದ್ದವು: ಇನ್ನೊಂದು ರೆಜಿಮೆಂಟಿನ ಜೊತೆ ವಿಲೀನ, ಇಲ್ಲವೇ ವಿಸರ್ಜನೆ. ಅವರು ವಿಸರ್ಜನೆ ಆರಿಸಿಕೊಂಡರು. ರೆಜಿಮೆಂಟ್ ಹುಟ್ಟಿದ್ದು 1689ರ ಮೇ 14ರಂದು ಲ್ಯಾನಾರ್ಕ್‌ಷೈರಿನ ಡಗ್ಲಸ್‌ನಲ್ಲಿ, ರಾಜಾಜ್ಞೆಗೆ ಬಗ್ಗದೆ ಬಯಲಿನಲ್ಲಿ ಗುಟ್ಟಾಗಿ ಪ್ರಾರ್ಥನೆ ನಡೆಸುತ್ತಿದ್ದ ಪಂಥದವರಿಂದ. ಅಂಥ ಪ್ರಾರ್ಥನೆಯ ಸುತ್ತ ಕಾವಲುಗಾರರನ್ನು ನಿಲ್ಲಿಸಿ, ಶತ್ರುಗಳು ಹತ್ತಿರದಲ್ಲಿಲ್ಲ ಎಂದು ಖಚಿತವಾದ ಮೇಲೆಯೇ ಆರಂಭಿಸುವ ಪದ್ಧತಿಯನ್ನು ರೆಜಿಮೆಂಟಿನವರು ಕೊನೆಯವರೆಗೂ ಇಟ್ಟುಕೊಂಡಿದ್ದರು. 1968ರ ಮೇ 14ರಂದು ಅದೇ ಡಗ್ಲಸ್‌ನ ಬಯಲಿನಲ್ಲಿ ಕಾವಲು ನಿಲ್ಲಿಸಿ, ಪ್ರಾರ್ಥನೆ ಮುಗಿಸಿ, ಬಾವುಟ ಇಳಿಸಿದರು.